ಗೇರುಸೊಪ್ಪದ ಅಹವಾಲು ಸಭೆ ಮತ್ತು ಒಂದು ಪ್ರಶ್ನೆ: ಯೋಜನೆಯ ಪರಿಣಾಮ ಅಳೆಯುವವರು ಯಾರು?

ಗೇರುಸೊಪ್ಪ ಎಂದ ಕೂಡಲೇ ಜೈನ ಕುಟುಂಬಗಳಿಗೆ ನೆನಪಾಗುವುದು ನಗರಬಸ್ತಿಕೇರಿಯ ಚತುರ್ಮುಖ ಬಸದಿ. ಶರಾವತಿ ಕಣಿವೆಯ ಕಾಡಿನ ನಡುವೆ ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ನಿಂತ ಕಲ್ಲಿನ ಬಸದಿ, ಅದರ ಸುತ್ತ ಹರಡಿರುವ ಹಳೆಯ ನಗರದ ಅವಶೇಷಗಳು, ಹದಿನಾರನೇ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿಂದ ರಾಜ್ಯವಾಳಿ ಪೋರ್ಚುಗೀಸರಿಂದ ‘ಕಾಳುಮೆಣಸಿನ ರಾಣಿ’ ಎನಿಸಿಕೊಂಡ ಚೆನ್ನಭೈರಾದೇವಿ. ಯಾತ್ರೆಗೆ ಹೋಗಿ ಬಂದವರು ಹೇಳುವ ಗೇರುಸೊಪ್ಪ ಇದು.

2025ರ ಸೆಪ್ಟೆಂಬರ್‌ನಲ್ಲಿ ಇದೇ ಹೆಸರು ಬೇರೊಂದು ಕಾರಣಕ್ಕೆ ಪತ್ರಿಕೆಗಳಲ್ಲಿ ಬಂತು. ಕರ್ನಾಟಕ ವಿದ್ಯುತ್ ನಿಗಮದ 2000 ಮೆಗಾವಾಟ್ ಸಾಮರ್ಥ್ಯದ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಕುರಿತು ಶಿವಮೊಗ್ಗ ಜಿಲ್ಲೆಯ ಕಾರ್ಗಲ್‌ನಲ್ಲೂ ಉತ್ತರ ಕನ್ನಡ ಜಿಲ್ಲೆಯ ಗೇರುಸೊಪ್ಪದಲ್ಲೂ ಪರಿಸರ ಸಾರ್ವಜನಿಕ ಅಹವಾಲು ಸಭೆಗಳು ನಡೆದವು. ಎರಡೂ ಕಡೆ ಕೇಳಿಬಂದದ್ದು ಹೆಚ್ಚಾಗಿ ವಿರೋಧದ ದನಿಯೇ. ಯೋಜನೆಗೆ ಒಪ್ಪಿಗೆ ಕೊಡಬಾರದು ಎಂಬ ಒತ್ತಾಯ ವೇದಿಕೆಯ ಮೇಲಿದ್ದ ಅಧಿಕಾರಿಗಳ ಮುಂದೆ ಬಂತು. ಆದರೆ ಒಪ್ಪಿಗೆ ಕೊಡುವ ಅಥವಾ ನಿರಾಕರಿಸುವ ಅಧಿಕಾರ ಆ ವೇದಿಕೆಯ ಮೇಲೆ ಕುಳಿತ ಯಾವ ಅಧಿಕಾರಿಗೂ ಇರಲಿಲ್ಲ.

ಇದು ಅಲ್ಲಿನ ಅಧಿಕಾರಿಗಳ ತಪ್ಪಲ್ಲ, ಕಾನೂನು ಕೆಲಸವನ್ನು ಹಂಚಿರುವ ರೀತಿಯೇ ಹಾಗಿದೆ. ಅರ್ಜಿ ಹಾಕುವವರು ಒಬ್ಬರು, ವರದಿ ಬರೆಯುವವರು ಇನ್ನೊಬ್ಬರು. ಜನರ ಮಾತು ಕೇಳುವವರು ಮತ್ತೊಬ್ಬರು, ಅದನ್ನು ತೂಗಿ ನೋಡುವವರು ಮಗದೊಬ್ಬರು. ಕೊನೆಗೆ ಸಹಿ ಹಾಕುವವರು ದೆಹಲಿಯಲ್ಲಿದ್ದಾರೆ. ಈ ಹಂಚಿಕೆ ತಿಳಿಯದಿದ್ದರೆ ಜನ ತಪ್ಪು ಬಾಗಿಲು ತಟ್ಟುತ್ತಾರೆ. ತಟ್ಟಬೇಕಾದ ಬಾಗಿಲು ಅಷ್ಟರಲ್ಲಿ ಮುಚ್ಚಿರುತ್ತದೆ. ಬಸದಿ, ನಿಷಿಧಿ ಕಲ್ಲು, ಯಾತ್ರಾ ದಾರಿಗಳನ್ನು ರಾಜ್ಯದ ಮೂಲೆಮೂಲೆಯಲ್ಲಿ ಹೊಂದಿರುವ ಒಂದು ಸಣ್ಣ ಸಮಾಜಕ್ಕೆ ಇದು ತಿಳಿದಿರಬೇಕಾದ ವಿಷಯ.

ಮೊದಲು ಯೋಜನೆ ಏನೆಂದು ನೋಡಬೇಕು. ಶರಾವತಿ ಕಣಿವೆಯಲ್ಲಿ ಮೇಲೆ ತಲಕಳಲೆ ಜಲಾಶಯವಿದೆ, ಕೆಳಗೆ ಗೇರುಸೊಪ್ಪ ಜಲಾಶಯವಿದೆ. ಎರಡೂ ಈಗಾಗಲೇ ಇರುವಂಥವು. ಸೌರ ಮತ್ತು ಪವನ ವಿದ್ಯುತ್ ಹೆಚ್ಚಾಗಿ ಸಿಗುವ ಹೊತ್ತಿನಲ್ಲಿ ಕೆಳಗಿನ ನೀರನ್ನು ಮೇಲಕ್ಕೆ ಪಂಪ್ ಮಾಡಿ, ಬೇಡಿಕೆ ಏರುವ ಹೊತ್ತಿನಲ್ಲಿ ಅದೇ ನೀರನ್ನು ಕೆಳಕ್ಕೆ ಬಿಟ್ಟು ವಿದ್ಯುತ್ ತೆಗೆಯುವುದು ಯೋಜನೆಯ ಸಾರ. ಮೇಲೆತ್ತಲು ಖರ್ಚಾಗುವ ವಿದ್ಯುತ್ತು ಮರಳಿ ಸಿಗುವುದಕ್ಕಿಂತ ಹೆಚ್ಚು. ಆದ್ದರಿಂದ ಇದನ್ನು ಉತ್ಪಾದನೆ ಎನ್ನುವುದಕ್ಕಿಂತ ಒಂದು ಭಾರೀ ಬ್ಯಾಟರಿ ಎನ್ನುವುದು ಸರಿ. ಹೊಸ ಅಣೆಕಟ್ಟಿನ ಮುಳುಗಡೆ ಇಲ್ಲ ಎಂಬುದು ಪರವಾಗಿರುವವರ ವಾದ. ಬೆಟ್ಟದೊಳಗೆ ಸುರಂಗ ಕೊರೆಯಬೇಕು, ರಸ್ತೆ ಮಾಡಬೇಕು, ಅಗೆದ ಮಣ್ಣು-ಕಲ್ಲನ್ನು ಎಲ್ಲಾದರೂ ಸುರಿಯಬೇಕು, ಅದೂ ಸಿಂಗಳೀಕಗಳ ಅಭಯಾರಣ್ಯದೊಳಗೆ ಎಂಬುದು ವಿರೋಧಿಗಳ ವಾದ. ಸುಮಾರು 54 ಹೆಕ್ಟೇರ್ ಅರಣ್ಯ ಭೂಮಿ ಬೇಕಾಗುತ್ತದೆ. ಎರಡೂ ವಾದಗಳಲ್ಲಿ ಸತ್ಯವಿದೆ. ಯಾವುದರ ತೂಕ ಹೆಚ್ಚು ಎಂದು ಹೇಳಲೆಂದೇ ‘ಪರಿಸರ ಪರಿಣಾಮ ಮೌಲ್ಯಮಾಪನ’ ಎಂಬ ಏರ್ಪಾಡು ಇರುವುದು.

ಈ ಏರ್ಪಾಡಿಗೆ ಆಧಾರ 1986ರ ಪರಿಸರ ಸಂರಕ್ಷಣಾ ಕಾಯ್ದೆ. ಅದರಡಿ 1994ರಲ್ಲಿ ಮೊದಲ ಅಧಿಸೂಚನೆ ಬಂತು, 1997ರಲ್ಲಿ ಸಾರ್ವಜನಿಕ ಅಹವಾಲು ಸೇರಿತು. ಇಂದು ಜಾರಿಯಲ್ಲಿರುವುದು 2006ರ ಸೆಪ್ಟೆಂಬರ್ 14ರ ಅಧಿಸೂಚನೆ, ನಂತರದ ಹತ್ತಾರು ತಿದ್ದುಪಡಿಗಳೊಂದಿಗೆ.

ಅರ್ಜಿದಾರನ ಕೈಯಲ್ಲಿ ಎಷ್ಟಿದೆ

ಎಲ್ಲವೂ ಶುರುವಾಗುವುದು ಅರ್ಜಿದಾರನಿಂದ. ಶರಾವತಿಯಲ್ಲಿ ಅರ್ಜಿದಾರ ಸರ್ಕಾರಿ ನಿಗಮ, ಬೇರೆಡೆ ಖಾಸಗಿ ಕಂಪನಿ ಇರಬಹುದು, ಟ್ರಸ್ಟ್ ಕೂಡ ಇರಬಹುದು. ಫಾರ್ಮ್-1 ಎಂಬ ಅರ್ಜಿಯಲ್ಲಿ ಯೋಜನೆಯ ವಿವರ ತುಂಬಿ ಪರಿವೇಶ್ ಪೋರ್ಟಲ್‌ನಲ್ಲಿ ಸಲ್ಲಿಸಬೇಕು. ಈ ಫಾರ್ಮ್ ಬಗ್ಗೆ ಜನ ಮಾತಾಡುವುದು ಕಡಿಮೆ. ಆದರೆ ಬಸದಿಗಳ ದೃಷ್ಟಿಯಿಂದ ಇಡೀ ಪ್ರಕ್ರಿಯೆಯಲ್ಲಿ ಅತಿ ಮುಖ್ಯವಾದ ಕಾಗದ ಇದೇ. ಯೋಜನಾ ಸ್ಥಳದ ಗಡಿಯಿಂದ 15 ಕಿಲೋಮೀಟರ್ ವೈಮಾನಿಕ ದೂರದೊಳಗೆ ಏನೇನಿದೆ ಎಂಬ ಪಟ್ಟಿಯನ್ನು ಅದು ಕೇಳುತ್ತದೆ. ಪರಿಸರ ಅಥವಾ ಸಾಂಸ್ಕೃತಿಕ ಮಹತ್ವಕ್ಕಾಗಿ ಕಾನೂನಿನಡಿ ರಕ್ಷಿತವಾದ ಜಾಗಗಳು, ಪೂಜಾಸ್ಥಳಗಳು, ಯಾತ್ರಾಸ್ಥಳಗಳಿಗೆ ಜನ ಹೋಗಿಬರುವ ದಾರಿಗಳು ಎಲ್ಲವೂ ಆ ಪಟ್ಟಿಯಲ್ಲಿವೆ. ಅಂದರೆ ‘ನಮ್ಮ ಬಸದಿಯ ವಿಷಯ ಪರಿಸರ ಇಲಾಖೆಗೆ ಏನು ಸಂಬಂಧ’ ಎಂದು ಯಾರೂ ಹಿಂಜರಿಯಬೇಕಿಲ್ಲ, ಕಾನೂನೇ ಅದನ್ನು ಕೇಳಿದೆ.

ತುಂಬುವವನು ಮಾತ್ರ ಅರ್ಜಿದಾರನೇ. ಅವನು ಬರೆಯದಿದ್ದರೆ ಆ ಬಸದಿ ಕಡತದ ಮಟ್ಟಿಗೆ ಇಲ್ಲ.

ಹೀಗೆ ಬಿಟ್ಟುಹೋದದ್ದು ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆಯ ಪ್ರಕರಣವಿದೆ. ಸುಮಾರು 65 ಕಿಲೋಮೀಟರ್ ಉದ್ದದ ಆ ರಸ್ತೆಗೆ ಕಡಿಯಬೇಕಾದ ಮರಗಳು 200ರಿಂದ 500 ಎಂದು ಅರ್ಜಿಯಲ್ಲಿತ್ತು. ನಂತರ ಹೊರಬಂದ ಸಂಖ್ಯೆ 16,785. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. 2020ರ ಮಾರ್ಚ್‌ನಲ್ಲಿ ನ್ಯಾಯಾಲಯ ಹೊಸದಾಗಿ ಮೌಲ್ಯಮಾಪನ ನಡೆಸುವಂತೆ ಬಿಡಿಎಗೆ ಹೇಳಿತು. ಅದಕ್ಕೆ ಒಂದು ವರ್ಷ ಮೊದಲು ಗೋವಾದ ಮೋಪಾ ವಿಮಾನ ನಿಲ್ದಾಣದ ಪರಿಸರ ಅನುಮತಿಯನ್ನು ಇದೇ ನ್ಯಾಯಾಲಯ ಅಮಾನತಿನಲ್ಲಿಟ್ಟಿತ್ತು. ಅಲ್ಲಿಯೂ ತಪ್ಪು ಸಿಕ್ಕಿದ್ದು ಫಾರ್ಮ್-1ರಲ್ಲೇ, ಸುತ್ತಲಿನ ಕಾಡು ಮುಂತಾದವನ್ನು ಅರ್ಜಿದಾರರು ತಿಳಿಸಿರಲಿಲ್ಲ. (ಮರುವರ್ಷ ಷರತ್ತುಗಳೊಂದಿಗೆ ಆ ಅಮಾನತು ತೆರವಾಯಿತು, ಇಂದು ಅಲ್ಲಿ ವಿಮಾನಗಳು ಇಳಿಯುತ್ತಿವೆ.) ಬೇಕೆಂದೇ ಮುಚ್ಚಿಟ್ಟ ಅಥವಾ ತಪ್ಪು ಮಾಹಿತಿ ಕೊಟ್ಟ ಅರ್ಜಿಯನ್ನು ತಿರಸ್ಕರಿಸಬಹುದು, ಕೊಟ್ಟ ಅನುಮತಿಯನ್ನೂ ರದ್ದುಪಡಿಸಬಹುದು ಎಂದು ಅಧಿಸೂಚನೆಯಲ್ಲೇ ಇದೆ. ಆದರೆ ಮುಚ್ಚಿಟ್ಟಿದ್ದಾರೆ ಎಂದು ತೋರಿಸಬೇಕಾದವರು ಆ ಜಾಗ ಬಲ್ಲವರೇ.

ಅರ್ಜಿ ಬಂದ ಮೇಲೆ ಅದು ಯಾರ ಮೇಜಿಗೆ ಹೋಗಬೇಕು ಎಂಬುದು ಯೋಜನೆಯ ಗಾತ್ರದ ಮೇಲೆ ನಿಂತಿದೆ. ದೊಡ್ಡವು ‘ಎ’ ವರ್ಗ, ಅವು ಕೇಂದ್ರ ಪರಿಸರ ಸಚಿವಾಲಯಕ್ಕೆ ಹೋಗುತ್ತವೆ. ದೊಡ್ಡ ಜಲವಿದ್ಯುತ್ ಯೋಜನೆಗಳು ಈ ವರ್ಗದವು, ಹಾಗಾಗಿ ಶರಾವತಿಯ ತೀರ್ಮಾನ ದೆಹಲಿಯದು. ಚಿಕ್ಕವು ‘ಬಿ’ ವರ್ಗ. ಅವನ್ನು ಬೆಂಗಳೂರಿನಲ್ಲಿರುವ ರಾಜ್ಯ ಪರಿಸರ ಪರಿಣಾಮ ಮೌಲ್ಯಮಾಪನ ಪ್ರಾಧಿಕಾರ ನೋಡುತ್ತದೆ. ಇದರ ಹೆಸರನ್ನು ರಾಜ್ಯ ಸರ್ಕಾರ ಸೂಚಿಸಿದರೂ ನೇಮಿಸುವುದು ಕೇಂದ್ರ. ಅವಧಿ ಮುಗಿದು ಪ್ರಾಧಿಕಾರ ಇಲ್ಲದಿದ್ದ ಕಾಲದಲ್ಲಿ ರಾಜ್ಯದ ಅರ್ಜಿಗಳೂ ಕೇಂದ್ರಕ್ಕೇ ಹೋಗಬೇಕು ಎಂಬುದು ಅಧಿಸೂಚನೆಯ ನಿಯಮ.

‘ಬಿ’ ವರ್ಗದಲ್ಲೇ ಮತ್ತೆ ಬಿ-1, ಬಿ-2 ಎಂದು ಎರಡು. ಬಿ-2ಕ್ಕೆ ಮೌಲ್ಯಮಾಪನ ವರದಿಯೂ ಬೇಡ, ಅಹವಾಲು ಸಭೆಯೂ ಬೇಡ. ಇದು ಸಣ್ಣ ವಿಷಯದಂತೆ ಕಾಣುತ್ತದೆ, ಆದರೆ ಹಾಗಲ್ಲ. ಹಳ್ಳಿಯ ಗುಡ್ಡದ ಬಸದಿಗೆ ಅಪಾಯ ಬರುವುದು 2000 ಮೆಗಾವಾಟ್ ಯೋಜನೆಯಿಂದಲ್ಲ, ಪಕ್ಕದ ಗುಡ್ಡದ ಕಲ್ಲುಗಣಿಯಿಂದ. ಐದು ಹೆಕ್ಟೇರಿಗಿಂತ ಕಡಿಮೆಯ ಗಣಿಗೂ ಪರಿಸರ ಅನುಮತಿ ಬೇಕು ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ, ಆದರೆ ಒಂಟಿ ಸಣ್ಣ ಗಣಿಗಳು ಸಾಮಾನ್ಯವಾಗಿ ಬಿ-2ರಲ್ಲಿ ಸಾಗುತ್ತವೆ. ಪೆಟ್ರೋಲಿಗೆ ಬೆರೆಸುವ ಎಥೆನಾಲ್‌ಗೆಂದೇ ತೆರೆಯುವ ಧಾನ್ಯದ ಡಿಸ್ಟಿಲರಿಗಳನ್ನೂ 2021ರಲ್ಲಿ ಕೆಲವು ಷರತ್ತಿನೊಂದಿಗೆ ಬಿ-2ಕ್ಕೆ ಇಳಿಸಲಾಯಿತು. ಬೆಳಗಾವಿ, ಬಾಗಲಕೋಟೆ ಕಡೆಯ ಜೈನ ರೈತ ಕುಟುಂಬಗಳಲ್ಲಿ ಹಲವರಿಗೆ ಸಕ್ಕರೆ ಮತ್ತು ಡಿಸ್ಟಿಲರಿಗಳ ನೆರೆ ಹೊಸದಲ್ಲ. ಇಂಥ ಕಡೆ ಸಭೆಯ ನೋಟಿಸ್ ಬರಲೆಂದು ಕಾಯುತ್ತ ಕೂತರೆ ಅದು ಬರುವುದೇ ಇಲ್ಲ. ಪೋರ್ಟಲ್ ಮತ್ತು ಪ್ರಾಧಿಕಾರದ ಸಭಾ ನಡಾವಳಿಯನ್ನು ನೋಡುತ್ತಿರಬೇಕು ಅಷ್ಟೇ.

ವರದಿ ಬರೆಯುವವರ ಸಂಬಳ

ದೊಡ್ಡ ಯೋಜನೆಗೆ ಮರಳಿದರೆ, ಮುಂದಿನ ಹೆಜ್ಜೆ ಅಧ್ಯಯನದ ವ್ಯಾಪ್ತಿ ಗೊತ್ತುಮಾಡುವುದು. ಯಾವ ಯಾವ ಅಂಶಗಳನ್ನು ಅಧ್ಯಯನ ಮಾಡಬೇಕು ಎಂದು ಸಚಿವಾಲಯದ ತಜ್ಞರ ಸಮಿತಿ ಒಂದು ಪಟ್ಟಿ ಕೊಡುತ್ತದೆ. ಕಚೇರಿಗಳಲ್ಲಿ ಇದನ್ನು ‘ಟಿಒಆರ್’ ಎನ್ನುತ್ತಾರೆ. ಪಟ್ಟಿಯಲ್ಲಿ ಇಲ್ಲದ್ದು ವರದಿಯಲ್ಲೂ ಇರುವುದಿಲ್ಲ ಎಂದು ಒರಟಾಗಿ ಹೇಳಬಹುದು.

ವರದಿ ತಯಾರಿಸುವುದು ಸಲಹಾ ಸಂಸ್ಥೆ. ಅದಕ್ಕೆ ಭಾರತೀಯ ಗುಣಮಟ್ಟ ಮಂಡಳಿಯ ಅಂಗವಾದ ನ್ಯಾಬೆಟ್‌ನ ಮಾನ್ಯತೆ ಇರಬೇಕು. ಆ ಸಂಸ್ಥೆಯನ್ನು ಆರಿಸುವುದು ಮತ್ತು ಅದಕ್ಕೆ ಹಣ ಕೊಡುವುದು ಅರ್ಜಿದಾರ. ಪರೀಕ್ಷೆ ಬರೆಯುವವನೇ ಮೌಲ್ಯಮಾಪಕನಿಗೆ ಸಂಬಳ ಕೊಟ್ಟಂತೆ ಎಂಬ ಟೀಕೆ ಹಳೆಯದು. ಸಲಹಾ ಸಂಸ್ಥೆಗಳಲ್ಲಿ ಪ್ರಾಮಾಣಿಕರಿಲ್ಲ ಎಂದಲ್ಲ. ಆದರೆ ಕೆಲವೇ ತಿಂಗಳಿಗೆ ಒಂದು ಕಣಿವೆಗೆ ಬಂದು ಹೋಗುವ ತಂಡಕ್ಕೆ ಗಾಳಿ, ನೀರು, ಶಬ್ದ ಅಳೆಯಲು ಉಪಕರಣವಿರುತ್ತದೆ. ಬಿದಿರು ಮೆಳೆಯ ಹಿಂದಿನ ಕಲ್ಲೊಂದು ಸಲ್ಲೇಖನ ಕೈಗೊಂಡ ಒಬ್ಬರ ನಿಷಿಧಿ ಎಂದು ಗುರುತಿಸುವ ಉಪಕರಣವಿರುವುದಿಲ್ಲ. ಅದನ್ನು ಹೇಳಬೇಕಾದವರು ಊರಿನ ಪುರೋಹಿತರು, ಹಳೆಯ ಮನೆತನದವರು, ಶಾಸನ ಓದಿದವರು.

ಪುರಾತತ್ವ ಇಲಾಖೆ ಇದೆಯಲ್ಲ ಎಂದು ಕೆಲವರು ಕೇಳಬಹುದು. ಇದೆ. ಗೇರುಸೊಪ್ಪದ ಚತುರ್ಮುಖ ಬಸದಿಯಂತಹ ಕೇಂದ್ರ ರಕ್ಷಿತ ಸ್ಮಾರಕಗಳಿಗೆ 1958ರ ಕಾಯ್ದೆ ಮತ್ತು ಅದರ 2010ರ ತಿದ್ದುಪಡಿಯ ರಕ್ಷಣೆ ಇದೆ. ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ರಾಜ್ಯ ರಕ್ಷಿತ ಸ್ಮಾರಕಗಳಿಗೆ 1961ರ ರಾಜ್ಯ ಕಾಯ್ದೆ ಇದೆ. ಆದರೆ ರಾಜ್ಯದ ಬಸದಿಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ನಿಷಿಧಿ ಕಲ್ಲುಗಳಲ್ಲಿ, ಬಹಳಷ್ಟು ಎರಡೂ ಪಟ್ಟಿಯಲ್ಲಿಲ್ಲ. ಯಾರದೋ ಗದ್ದೆಯ ಬದುವಿನಲ್ಲಿ, ಕೆರೆ ಏರಿಯ ಕೆಳಗೆ, ಅರಣ್ಯ ಇಲಾಖೆಯ ಜಾಗದಲ್ಲಿ ನಿಂತಿವೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರ ಸಂಖ್ಯೆ ಸುಮಾರು 4.4 ಲಕ್ಷ. ಬಸದಿ ಇದ್ದೂ ಸುತ್ತ ಒಂದೂ ಜೈನ ಮನೆ ಉಳಿಯದ ಊರುಗಳು ಮಲೆನಾಡಿನಲ್ಲೂ ಬಯಲುಸೀಮೆಯಲ್ಲೂ ಇವೆ. ಅಂಥ ಊರಿನಲ್ಲಿ ಅಹವಾಲು ಸಭೆ ನಡೆದರೆ ಬಸದಿಯ ಪರವಾಗಿ ಎದ್ದು ನಿಲ್ಲಬೇಕಾದ ಮನುಷ್ಯನೇ ಸಭೆಯಲ್ಲಿ ಇರುವುದಿಲ್ಲ. ವರದಿಯಲ್ಲಿ ಇಲ್ಲ, ಸಭೆಯಲ್ಲಿ ಇಲ್ಲ, ಆದ್ದರಿಂದ ತೀರ್ಮಾನದಲ್ಲೂ ಇಲ್ಲ.

ಸಭೆ ನಡೆಸುವವರು ತೀರ್ಮಾನಿಸುವವರಲ್ಲ

ಕರಡು ವರದಿ ಸಿದ್ಧವಾದ ಮೇಲೆ ಅಹವಾಲು ಸಭೆ. ಇದನ್ನು ನಡೆಸುವುದು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಅಧ್ಯಕ್ಷತೆ ಜಿಲ್ಲಾಧಿಕಾರಿಯವರದು, ಅಥವಾ ಹೆಚ್ಚುವರಿ ಜಿಲ್ಲಾಧಿಕಾರಿಗಿಂತ ಕೆಳಗಿಲ್ಲದ ಅಧಿಕಾರಿಯದು. ಯೋಜನೆ ಎಷ್ಟು ಜಿಲ್ಲೆಗಳಲ್ಲಿ ಹರಡಿದೆಯೋ ಅಷ್ಟೂ ಕಡೆ ಪ್ರತ್ಯೇಕ ಸಭೆ ಆಗಬೇಕು. ಕಾರ್ಗಲ್ ಮತ್ತು ಗೇರುಸೊಪ್ಪದಲ್ಲಿ ಎರಡು ಸಭೆ ನಡೆದದ್ದು ಇದೇ ಕಾರಣಕ್ಕೆ.

ಮಾಲಿನ್ಯ ನಿಯಂತ್ರಣ ಮಂಡಳಿಯ ವಿಷಯದಲ್ಲಿ ಗೊಂದಲ ಬಹಳ. ಕಾರ್ಖಾನೆ ಸ್ಥಾಪಿಸಲು, ನಡೆಸಲು 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆಯಡಿ ಸಮ್ಮತಿ ಪತ್ರ ಕೊಡುವುದೂ ಇದೇ ಮಂಡಳಿ. ಹಾಗಾಗಿ ಅಹವಾಲು ಸಭೆಯಲ್ಲೂ ತೀರ್ಮಾನ ಅದರದೇ ಎಂದು ಜನ ಭಾವಿಸುತ್ತಾರೆ. ಅಲ್ಲ. ಇಲ್ಲಿ ಮಂಡಳಿಯದು ಅಂಚೆಯಣ್ಣನ ಕೆಲಸ. ಕನಿಷ್ಠ 30 ದಿನ ಮುಂಚೆ ಒಂದು ರಾಷ್ಟ್ರೀಯ ಮತ್ತು ಒಂದು ಪ್ರಾದೇಶಿಕ ಭಾಷೆಯ ದಿನಪತ್ರಿಕೆಯಲ್ಲಿ ನೋಟಿಸ್ ಕೊಡುವುದು, ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರ, ಸ್ಥಳೀಯ ಪಂಚಾಯಿತಿಗಳಲ್ಲಿ ನೋಡಲು ಸಿಗುವಂತೆ ಮಾಡುವುದು, ಸಭೆಯ ವಿಡಿಯೊ ತೆಗೆಯುವುದು, ನಡಾವಳಿ ಬರೆದು ಸಭೆಯಲ್ಲೇ ಸ್ಥಳೀಯ ಭಾಷೆಯಲ್ಲಿ ಓದಿ ಹೇಳುವುದು, ಕೆಲವೇ ದಿನಗಳೊಳಗೆ ಸಚಿವಾಲಯಕ್ಕೆ ಕಳಿಸುವುದು. ಜಿಲ್ಲಾಧಿಕಾರಿಗಳೂ ಸಭೆ ಶಾಂತವಾಗಿ ನಡೆಯುವಂತೆ ನೋಡಿಕೊಳ್ಳುತ್ತಾರೆಯೇ ಹೊರತು ಯೋಜನೆಗೆ ಅಂಕ ಹಾಕುವುದಿಲ್ಲ.

ಸಭೆಗೆ ಕೋರಂ ಇಲ್ಲ. ಹತ್ತು ಜನ ಬಂದರೂ ಸಭೆ ಸಭೆಯೇ, ಹತ್ತು ಸಾವಿರ ಬಂದರೂ ಅಷ್ಟೇ. ಕೈ ಎತ್ತಿಸಿ ಮತ ಹಾಕಿಸುವುದಿಲ್ಲ. ಎಷ್ಟು ಜನ ಬೇಡ ಎಂದರು ಎಂಬ ಲೆಕ್ಕಕ್ಕಿಂತ, ಯಾವ ನಿರ್ದಿಷ್ಟ ಆಕ್ಷೇಪಕ್ಕೆ ಅರ್ಜಿದಾರ ಅಂತಿಮ ವರದಿಯಲ್ಲಿ ಏನು ಉತ್ತರ ಕೊಟ್ಟ ಎಂಬುದನ್ನು ಕಾನೂನು ನೋಡುತ್ತದೆ. ಆದ್ದರಿಂದ ‘ಯೋಜನೆ ಬೇಡವೇ ಬೇಡ’ ಎಂಬ ಘೋಷಣೆ ನಡಾವಳಿಯಲ್ಲಿ ಒಂದು ಸಾಲಾಗುತ್ತದೆ. ‘ಇಂಥ ಸರ್ವೆ ನಂಬರಿನಲ್ಲಿ ಇಂಥ ಬಸದಿ ಇದೆ, ವರದಿಯ ಪೂಜಾಸ್ಥಳಗಳ ಪಟ್ಟಿಯಲ್ಲಿ ಅದರ ಹೆಸರಿಲ್ಲ, ಸುರಂಗ ಸಿಡಿಸುವಾಗಿನ ಕಂಪನ ಎಷ್ಟೆಂದು ಲೆಕ್ಕ ಹಾಕಿದ್ದೀರಾ’ ಎಂಬ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಕೊಡದಿದ್ದರೆ ನಾಳೆ ನ್ಯಾಯಮಂಡಳಿಯ ಮುಂದೆ ಅದೇ ಆಧಾರವಾಗುತ್ತದೆ. ಬೆಟ್ಟದ ಮೇಲೆ ಶತಮಾನಗಳಿಂದ ಸುಣ್ಣಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂತಿರುವ ಕಟ್ಟಡಗಳಿಗೆ ಕಂಪನದ ಪ್ರಶ್ನೆ ಸಣ್ಣದಲ್ಲ.

ಮಾತಾಡಲು ಯಾರಿಗೆ ಹಕ್ಕಿದೆ? ಅಧಿಸೂಚನೆ ಇಲ್ಲಿ ಎರಡು ದಾರಿ ಇಟ್ಟಿದೆ. ಅಹವಾಲು ಸಭೆ ಇರುವುದು ಸ್ಥಳೀಯವಾಗಿ ಬಾಧಿತರಾಗುವವರಿಗಾಗಿ. ಯೋಜನೆಯಲ್ಲಿ ಸಕಾರಣ ಹಿತಾಸಕ್ತಿ ಇರುವ ಇತರರು ಲಿಖಿತವಾಗಿ ಅಭಿಪ್ರಾಯ ಕಳಿಸಬಹುದು. ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ ನೆಲೆಸಿದ, ಮೂಲ ಬಸದಿ ಮಾತ್ರ ಕಣಿವೆಯಲ್ಲಿ ಉಳಿದಿರುವ ಕುಟುಂಬಗಳಿಗೆ ಈ ಎರಡನೇ ದಾರಿ ತೆರೆದಿದೆ. ಅಭಿಪ್ರಾಯವನ್ನು ಕನ್ನಡದಲ್ಲೇ ಬರೆಯಬಹುದು, ವಕೀಲರ ಭಾಷೆ ಬೇಕಿಲ್ಲ. ಬಸದಿಯ ಹೆಸರು, ಗ್ರಾಮ, ಸರ್ವೆ ನಂಬರ್, ಫೋಟೊ, ಪೂಜೆ ಅಥವಾ ವಾರ್ಷಿಕೋತ್ಸವ ನಡೆಯುವ ದಿನ, ಶಾಸನವಿದ್ದರೆ ಅದು ಪ್ರಕಟವಾದ ಸಂಪುಟ, ಇಷ್ಟಿದ್ದರೆ ಸಾಕು. ಸ್ವೀಕೃತಿ ಪತ್ರ ಪಡೆಯುವುದನ್ನು ಮಾತ್ರ ಮರೆಯಬಾರದು.

ಭಾಷೆಯ ಮಾತು ಬಂತು. ಪೂರ್ಣ ವರದಿ ನೂರಾರು ಪುಟ, ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಇರಲೇಬೇಕಾದದ್ದು ಅದರ ಸಾರಾಂಶ ಮಾತ್ರ. ಪೂಜಾಸ್ಥಳಗಳ ಪಟ್ಟಿಯಂಥವು ಸಾರಾಂಶಕ್ಕೆ ಬರುವುದು ಅಪರೂಪ. 2020ರಲ್ಲಿ ಇಡೀ ಅಧಿಸೂಚನೆಯನ್ನೇ ಬದಲಿಸುವ ಕರಡು ಬಂದಾಗ ಕನ್ನಡದಲ್ಲಿ ಅದರ ಪ್ರಚಾರವೇ ಆಗಿಲ್ಲ ಎಂಬ ವಿಷಯ ಕರ್ನಾಟಕ ಹೈಕೋರ್ಟಿನ ಮುಂದೆ ಬಂತು. ಅಂತಿಮ ಅಧಿಸೂಚನೆ ಹೊರಡಿಸದಂತೆ ಆ ಆಗಸ್ಟ್‌ನಲ್ಲಿ ನ್ಯಾಯಾಲಯ ತಡೆಯಿತು. ಓದಲಾಗದ ಕಾಗದದ ಮೇಲೆ ಅಭಿಪ್ರಾಯ ಕೇಳುವುದು ಕೇಳಿದಂತೆ ಅಲ್ಲ ಎಂಬ ಮಾತು ಯೋಜನಾ ವರದಿಗಳಿಗೂ ಸಲ್ಲುತ್ತದೆ, ಆದರೆ ನಿಯಮ ಇನ್ನೂ ಸಾರಾಂಶದಲ್ಲೇ ನಿಂತಿದೆ. ಇಂಗ್ಲಿಷ್ ಬಲ್ಲ ಮಕ್ಕಳಿರುವ ಮನೆಗಳು ಒಂದು ಭಾನುವಾರ ಕೂತು ಆ ನೂರಾರು ಪುಟದಲ್ಲಿ ತಮ್ಮ ಊರಿನ ಹೆಸರು ಹುಡುಕಿದರೆ ಅದೇ ಒಂದು ಸೇವೆ.

ತೂಗುವವರು, ಸಹಿ ಹಾಕುವವರು

ಸಭೆಯ ನಡಾವಳಿ ಸೇರಿಸಿದ ಅಂತಿಮ ವರದಿ ತಜ್ಞರ ಮೌಲ್ಯಮಾಪನ ಸಮಿತಿಗೆ ಹೋಗುತ್ತದೆ. ಹದಿನೈದು ಮೀರದ ಸದಸ್ಯರ ಸಮಿತಿ ಇದು. ಅರ್ಜಿದಾರ ಮತ್ತು ಅವನ ಸಲಹಾ ಸಂಸ್ಥೆ ಸಮಿತಿಯ ಮುಂದೆ ವಿವರಣೆ ಕೊಡುತ್ತಾರೆ. ಊರಿನವರಿಗೆ ಅಲ್ಲಿ ಕುರ್ಚಿ ಇಲ್ಲ, ಅವರ ದನಿ ಎಂದರೆ ನಡಾವಳಿ ಮತ್ತು ಕಳಿಸಿದ ಪತ್ರಗಳು ಮಾತ್ರ. ಸಮಿತಿ 60 ದಿನಗಳೊಳಗೆ ಪರಿಶೀಲನೆ ಮುಗಿಸಿ ಶಿಫಾರಸು ಮಾಡಬೇಕು. ಸಚಿವಾಲಯ ಅದನ್ನು ಒಪ್ಪಿ ಅಥವಾ ಮರುಪರಿಶೀಲನೆಗೆ ಕಳಿಸಿ ಅಂತಿಮ ತೀರ್ಮಾನ ಕೊಡುತ್ತದೆ. ಸಮಿತಿಯದು ಶಿಫಾರಸು, ಸಹಿ ಸಚಿವಾಲಯದ್ದು.

ಅರಣ್ಯ ಮತ್ತು ವನ್ಯಜೀವಿಯ ಅನುಮತಿಗಳು ಬೇರೆ ಹಳಿಗಳು. ಅರಣ್ಯ ಭೂಮಿಗೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ (2023ರಲ್ಲಿ ಇದರ ಹೆಸರು ಬದಲಾಗಿದೆ) ರಾಜ್ಯ ಅರಣ್ಯ ಇಲಾಖೆಯಿಂದ ಕೇಂದ್ರದ ಅರಣ್ಯ ಸಲಹಾ ಸಮಿತಿವರೆಗೆ ಕಡತ ಏರಬೇಕು. ಅಭಯಾರಣ್ಯವಾದರೆ ಮುಖ್ಯಮಂತ್ರಿ ಅಧ್ಯಕ್ಷತೆಯ ರಾಜ್ಯ ವನ್ಯಜೀವಿ ಮಂಡಳಿ, ನಂತರ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ. ಅರಣ್ಯವಾಸಿಗಳ ಹಕ್ಕು ಇರುವಲ್ಲಿ ಗ್ರಾಮಸಭೆಗೂ ಮಾತಿದೆ. ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವೆಂದು 2019ರಲ್ಲಿ ವಿಸ್ತರಣೆಗೊಂಡು ಘೋಷಿತವಾದ ಪ್ರದೇಶವಾದ್ದರಿಂದ ಇಲ್ಲಿ ಎಲ್ಲ ಹಳಿಗಳೂ ಒಟ್ಟಿಗೆ ಓಡುತ್ತಿವೆ.

ಒಂದು ಹಳಿಯಲ್ಲಿ ಸಿಗ್ನಲ್ ಬಿದ್ದರೆ ಎಲ್ಲ ಮುಗಿಯಿತು ಎಂದು ಎರಡೂ ಕಡೆಯವರು ತಪ್ಪು ತಿಳಿಯುವುದುಂಟು. ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ 2025ರಲ್ಲಿ ಯೋಜನೆಗೆ ತಾತ್ವಿಕ ಒಪ್ಪಿಗೆ ಕೊಟ್ಟಾಗ ಅನೇಕರು ಇನ್ನೇನು ಕೆಲಸ ಶುರು ಎಂದರು. ಅದೇ ವರ್ಷದ ಅಕ್ಟೋಬರ್ ಹೊತ್ತಿಗೆ ಕೇಂದ್ರ ಸಚಿವಾಲಯದ ಪ್ರಾದೇಶಿಕ ಕಚೇರಿಯ ಅಧಿಕಾರಿ ಸ್ಥಳ ಪರಿಶೀಲಿಸಿ ಯೋಜನೆಗೆ ವಿರುದ್ಧವಾಗಿ ಶಿಫಾರಸು ಮಾಡಿದ್ದರು, ಅರಣ್ಯ ಸಲಹಾ ಸಮಿತಿಯೂ ಕೂಡಲೇ ಒಪ್ಪಿಗೆ ಕೊಡಲಿಲ್ಲ. ಇದನ್ನು ಗಮನಿಸಬೇಕು. ಬಂದು ಕಣ್ಣಾರೆ ನೋಡಿದ ಒಬ್ಬ ಅಧಿಕಾರಿಯ ಕೆಲವು ಪುಟದ ಟಿಪ್ಪಣಿ, ದೂರದಲ್ಲಿ ಕೂತು ನೋಡಿದ ದಪ್ಪ ಕಡತಕ್ಕಿಂತ ಭಾರವಾಯಿತು.

ಕಾನೂನಿನ ಪುಸ್ತಕದಲ್ಲಿಲ್ಲದ ಇನ್ನೊಂದು ದಾರಿಯನ್ನೂ ರಾಜ್ಯ ಅದೇ ವರ್ಷ ಕಂಡಿತು. ಜೈನರಿಗೆ ಆದಿತೀರ್ಥವಾದ ಕೊಪಣ, ಅಂದರೆ ಇಂದಿನ ಕೊಪ್ಪಳದಲ್ಲಿ, ಪಟ್ಟಣದ ಪಕ್ಕ ಉಕ್ಕಿನ ಕಾರ್ಖಾನೆ ವಿಸ್ತರಣೆಯ ವಿರುದ್ಧ ಫೆಬ್ರುವರಿಯಲ್ಲಿ ಗವಿಮಠದ ಶ್ರೀಗಳೂ ಸೇರಿ ಊರಿಗೆ ಊರೇ ಬೀದಿಗಿಳಿಯಿತು. ಮುಂದಿನ ತಿಂಗಳು ಕೆಲಸ ನಿಲ್ಲಿಸಲು ಮುಖ್ಯಮಂತ್ರಿ ಸೂಚಿಸಿದರು. ಇದು ಜನಬಲದ ಗೆಲುವು ನಿಜ. ಆದರೆ ಬಾಯಿಮಾತಿನಲ್ಲಿ ನಿಂತದ್ದು ಬಾಯಿಮಾತಿನಲ್ಲೇ ಮತ್ತೆ ಶುರುವಾಗಬಹುದು. ಕಡತದಲ್ಲಿ ದಾಖಲಾದ ಆಕ್ಷೇಪಕ್ಕೆ ಇರುವ ಆಯುಸ್ಸು ಅದಕ್ಕಿಲ್ಲ.

ಮೇಜಿನ ಇನ್ನೊಂದು ಬದಿ

ಇಲ್ಲಿಯವರೆಗಿನ ಮಾತು ಕೇಳುವವರ ಬದಿಯಿಂದ ಆಯಿತು. ಜೈನ ಸಮಾಜದಲ್ಲಿ ಉದ್ಯಮಿಗಳು, ಗಣಿ-ಗ್ರಾನೈಟ್ ವ್ಯವಹಾರದವರು, ಬಡಾವಣೆ ಕಟ್ಟುವವರು, ಶಿಕ್ಷಣ ಸಂಸ್ಥೆ ನಡೆಸುವವರು ಕಡಿಮೆ ಇಲ್ಲ. ಹಲವು ಬಾರಿ ಅರ್ಜಿದಾರನ ಕುರ್ಚಿಯಲ್ಲಿ ಕೂರುವವರು ಸಮಾಜದವರೇ. ಅವರಿಗೂ ಕೆಲವು ವಿಷಯ ತಿಳಿದಿರಬೇಕು. 20,000 ಚದರ ಮೀಟರ್ ಮತ್ತು ಹೆಚ್ಚು ಕಟ್ಟಡ ವಿಸ್ತೀರ್ಣವಿರುವ ಯಾವುದೇ ನಿರ್ಮಾಣಕ್ಕೆ ಮೊದಲೇ ಪರಿಸರ ಅನುಮತಿ ಬೇಕು. ಶಾಲೆ-ಕಾಲೇಜು, ಹಾಸ್ಟೆಲ್‌ಗಳಿಗೆ ಮತ್ತು ಕೈಗಾರಿಕಾ ಶೆಡ್‌ಗಳಿಗೆ ಇದರಿಂದ ವಿನಾಯಿತಿ ಕೊಡುವ ಸೂಚನೆಯೊಂದನ್ನು ಕೇಂದ್ರ 2025ರ ಜನವರಿಯಲ್ಲಿ ಹೊರಡಿಸಿತ್ತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ವಿನಾಯಿತಿಯನ್ನು ರದ್ದುಪಡಿಸಿತು. ದೊಡ್ಡ ಕ್ಯಾಂಪಸ್ ಕಟ್ಟಲು ಹೊರಟ ಟ್ರಸ್ಟ್‌ಗಳು ಹಳೆಯ ಸುತ್ತೋಲೆ ನಂಬಿ ಅಡಿಪಾಯ ತೋಡಬಾರದು.

ಮೊದಲು ಕಟ್ಟಿ, ಆಮೇಲೆ ಅನುಮತಿ ಪಡೆದರಾಯಿತು ಎಂಬ ಲೆಕ್ಕಾಚಾರದವರೂ ಇದ್ದಾರೆ. ಹೀಗೆ ಹಿಂದಿನಿಂದ ಅನುಮತಿ ಕೊಡುವುದನ್ನು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಪೂರ್ತಿ ನಿಷೇಧಿಸಿತು. ನವೆಂಬರ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಎರಡಕ್ಕೆ ಒಂದರ ಬಹುಮತದಿಂದ ಆ ತೀರ್ಪನ್ನು ಹಿಂಪಡೆಯಿತು. ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಅನಿಶ್ಚಿತ ಕಾನೂನಿನ ಮೇಲೆ ಸಮಾಜದ ದೇಣಿಗೆ ಹಣ ಹಾಕುವುದು ಜಾಣತನವಲ್ಲ.

ಇನ್ನೊಂದು ಮಾತು ಅರ್ಜಿದಾರರಿಗೆ. ಫಾರ್ಮ್-1ರ ಪಟ್ಟಿ ತುಂಬುವಾಗ ಪಕ್ಕದ ಊರಿನ ದೈವಸ್ಥಾನ, ಮಸೀದಿ, ಮಾರಿಗುಡಿಯನ್ನೂ ಬಸದಿಯಷ್ಟೇ ಜಾಗ್ರತೆಯಿಂದ ಬರೆಯಬೇಕು. ಇತರರ ಪೂಜಾಸ್ಥಳ ಬಿಟ್ಟು ಬರೆದ ಅರ್ಜಿ ನ್ಯಾಯಾಲಯದಲ್ಲಿ ಬೀಳುವುದು ಒಂದು ನಷ್ಟ. ತಮ್ಮ ಬಸದಿಯ ಹೆಸರು ಬಿಟ್ಟ ವರದಿಯನ್ನು ಪ್ರಶ್ನಿಸುವ ನೈತಿಕ ಬಲವೂ ಆಗ ಉಳಿಯುವುದಿಲ್ಲ.

ಅನುಮತಿ ಸಿಕ್ಕ ಮೇಲೆ ಕೆಲಸ ಮುಗಿಯುವುದಿಲ್ಲ, ಎರಡೂ ಬದಿಗೆ. ಅರ್ಜಿದಾರ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತು ಪಾಲನೆಯ ಅರ್ಧವಾರ್ಷಿಕ ವರದಿ ಸಲ್ಲಿಸಬೇಕು, ಅದು ಸಾರ್ವಜನಿಕ ದಾಖಲೆ. ಅನುಮತಿಯನ್ನು ಪ್ರಶ್ನಿಸುವವರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ 30 ದಿನಗಳೊಳಗೆ ಮೇಲ್ಮನವಿ ಹಾಕಬೇಕು. ಸಕಾರಣವಿದ್ದರೆ ಇನ್ನೂ 60 ದಿನ ಸಿಗಬಹುದು, 90 ದಾಟಿದರೆ ಬಾಗಿಲು ಮುಚ್ಚಿದಂತೆ. ಕರ್ನಾಟಕದ ಪ್ರಕರಣಗಳನ್ನು ಕೇಳುವುದು ಚೆನ್ನೈನಲ್ಲಿರುವ ದಕ್ಷಿಣ ವಲಯ ಪೀಠ. ಊರಿನ ಸಮಿತಿ ಸಭೆ ಸೇರಿ, ಠರಾವು ಮಾಡಿ, ವಕೀಲರನ್ನು ಹುಡುಕುವಷ್ಟರಲ್ಲಿ ಮೂರು ತಿಂಗಳು ಕಳೆದುಹೋಗುವುದು ಅನುಭವದ ಮಾತು.

ಗೇರುಸೊಪ್ಪದ ಜನ ಸೆಪ್ಟೆಂಬರ್‌ನಲ್ಲಿ ಹೇಳಿದ್ದೆಲ್ಲ ಈಗ ವಿಡಿಯೊ ಮತ್ತು ನಡಾವಳಿಯಾಗಿ ಕಡತ ಸೇರಿದೆ. ಪರಿಸರದ ಹಳಿಯಲ್ಲಿ ಮುಂದಿನ ನಿಲ್ದಾಣ ತಜ್ಞರ ಸಮಿತಿ. ಚತುರ್ಮುಖ ಬಸದಿಗೆ ವರ್ಷಕ್ಕೊಮ್ಮೆಯಾದರೂ ಹೋಗಿಬರುವ ಕುಟುಂಬಗಳು ಸಮಿತಿಗೆ ಪತ್ರ ಬರೆಯಲು ಅದರ ಸಭೆಯ ದಿನಾಂಕದವರೆಗೆ ಸಮಯವಿದೆ. ಕಾರ್ಯಸೂಚಿ ಪರಿವೇಶ್ ಪೋರ್ಟಲ್‌ನಲ್ಲಿ ಮುಂಚಿತವಾಗಿ ಪ್ರಕಟವಾಗುತ್ತದೆ.